ಹೆಸರು ಹಾಕುವ ಕೈ, ಹ್ಯಾಂಡಲ್ ಹಿಡಿಯುವ ಕೈ

ನಾನು ರಾಜಸ್ಥಾನದ ಜಾಲೋರ್ ಕಡೆಯವನು. 1994ರಲ್ಲಿ ಸೊಲ್ಲಾಪುರದಲ್ಲಿ ಇಳಿದು, ಮೀಟರ್ ಗೇಜ್ ಗಾಡಿ ಹತ್ತಿ ವಿಜಯಪುರಕ್ಕೆ ಬಂದೆ. ಆಗಿನ್ನೂ ಬಿಜಾಪುರ. ಗಾಂಧಿ ಚೌಕದ ಹತ್ತಿರ ನಮ್ಮ ಮಾಮಾನ ಸ್ಟೀಲ್ ಪಾತ್ರೆ ಅಂಗಡಿ ಇತ್ತು.

ಮಾಮಾ ನನ್ನನ್ನು ಗಲ್ಲಾದ ಹತ್ತಿರ ಬಿಡಲಿಲ್ಲ. ಹೆಸರು ಹಾಕುವ ಮಷಿನ್ ಕೈಗೆ ಕೊಟ್ಟರು. ನೀವು ನೋಡಿರ್ತೀರಿ, ಪೆನ್ನಿನ ಹಾಗೆ ಹಿಡಿದರೆ ಗುರ್ ಅಂತ ನಡುಗುತ್ತಾ ಸ್ಟೀಲ್ ಮೇಲೆ ಚುಕ್ಕೆ ಬಿಡುತ್ತಾ ಹೋಗುತ್ತದೆ. ನನಗೋ ಕನ್ನಡ ಓದಲು ಬಾರದು. ಗಿರಾಕಿ ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ನೋಡಿ ನೋಡಿ ತಂಬಿಗೆ ಮೇಲೆ ಇಳಿಸುತ್ತಿದ್ದೆ. ದುಂಡನೆಯ ಹೊಟ್ಟೆ, ಮಷಿನ್ ಜಾರುತ್ತದೆ. ಮೊಣಕೈ ಊರಿ, ಉಸಿರು ಬಿಗಿಹಿಡಿದು, ಕೈ ಬದಲು ತಂಬಿಗೆಯನ್ನೇ ತಿರುಗಿಸಬೇಕು. "ಶೇಟಜೀ, ನಮ್ಮ ಹೆಸರು ದೊಡ್ಡದು ಹಾಕ್ರಿ, ಅವರದು ಸಣ್ಣದಿರಲಿ" ಅಂತ ಕಿವಿಯಲ್ಲಿ ಹೇಳಿದ ಬೀಗರೂ ಇದ್ದಾರೆ! ಈಗ ಲೇಸರ್ ಮಷಿನ್ ಬಂದಿದೆ, ಮಗ ಟೈಪ್ ಮಾಡಿದರೆ ಮುಗೀತು.

ಚಿತ್ರ ಬಿಡಿಸುವ ಹುಚ್ಚು ಹಿಡಿದದ್ದು ಇದೇ ಊರಿನ ಇಬ್ರಾಹಿಂ ರೋಜಾದಲ್ಲಿ, ಹಳೆಯ ರಾಜನ ಗೋರಿ ಅದು. ಅಲ್ಲಿಯ ಗೋರಿ ಕೋಣೆಯ ಕಿಟಕಿಗಳಲ್ಲಿ ಅರಬ್ಬಿ ಅಕ್ಷರಗಳನ್ನೇ ಕಲ್ಲಲ್ಲಿ ಕೊರೆದು ಜಾಳಿ ಮಾಡಿದ್ದಾರೆ. ಅಕ್ಷರದ ಸಂದಿಯಿಂದ ಬೆಳಕು ಬರುತ್ತದೆ. ಒಂದು ಏಟು ಜಾಸ್ತಿ ಬಿದ್ದಿದ್ದರೂ ಇಡೀ ಕಲ್ಲು ಹೋಗುತ್ತಿತ್ತು. ದಿನವಿಡೀ ಹೆಸರು ಹಾಕುವವನು ಅದನ್ನು ನೋಡಿ ಸುಮ್ನೆ ಬರೋಕೆ ಆಗುತ್ತಾ? ಅಂದಿನಿಂದ ಆ ಕಿಟಕಿಗಳನ್ನು ಪೆನ್ಸಿಲ್‌ನಲ್ಲಿ ಬಿಡಿಸುತ್ತಿದ್ದೇನೆ. "ವ್ಯಾಪಾರಿಗೆ ಇದೆಲ್ಲಾ ಯಾಕ್ರೀ" ಅಂದವರಿಗೆ ಅಲ್ಲಿ ಮಲಗಿರುವ ರಾಜನ ಸುದ್ದಿ ಹೇಳುತ್ತೇನೆ. ಎರಡನೇ ಇಬ್ರಾಹಿಂ ಆದಿಲ್ ಶಾ 1580ರಿಂದ 1627ರವರೆಗೆ ರಾಜ್ಯ ಆಳಿದ, ಜೊತೆಗೆ ಹಾಡು ಕಟ್ಟಿದ. ತನ್ನ ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟಿದ್ದ. ನನ್ನದು ಬರೀ ಪಾತ್ರೆ ಅಂಗಡಿ, ಅಲ್ವಾ?

ಸೈಕಲ್ ಹುಚ್ಚು ಮಾತ್ರ ಈ ಊರೇ ಅಂಟಿಸಿದ್ದು. ವಿಜಯಪುರ, ಬಾಗಲಕೋಟೆಯ ಹುಡುಗರು ರಾಷ್ಟ್ರಮಟ್ಟದ ಸ್ಪರ್ಧೆಗೆ ಹೋಗುವವರು. ನಸುಕಿನಲ್ಲಿ ಅವರ ಗಾಲಿ ಹಿಂದೆ, ಗಾಳಿಯ ಮರೆಯಲ್ಲಿ ನಾನೂ ಒಬ್ಬ ಮುದುಕ. ಭಾನುವಾರ ಕೊಲ್ಹಾರದವರೆಗೆ ಹೋಗುತ್ತೇವೆ. ಮಳೆಗಾಲದಲ್ಲಿ ಹೋಗುವಾಗ ಎದುರು ಗಾಳಿ. ಎರೆಭೂಮಿ, ಮರ ಕಡಿಮೆ, ತಡೆಯುವುದು ಏನೂ ಇಲ್ಲ. ಅಲ್ಲಿ ಗಡಿಗೆ ಮೊಸರು ತಿಂದು ಹೊರಟರೆ ಗಾಳಿಯೇ ಬೆನ್ನು ದೂಡುತ್ತದೆ. ಕೊಲ್ಹಾರದ ಮೊಸರು ತಿನ್ನದವರ ಜೊತೆ ನಾನು ವಾದಕ್ಕೆ ನಿಲ್ಲುವುದಿಲ್ಲ.

ತೊಂದರೆ ಒಂದೇ. ಅಷ್ಟು ದೂರ ಹ್ಯಾಂಡಲ್ ಮೇಲೆ ಭಾರ ಬಿಟ್ಟರೆ ಅಂಗೈ ನರ ಅದುಮಿ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತವೆ. ಸಂಜೆ ಪೆನ್ಸಿಲ್ ಹಿಡಿದರೆ ಗೆರೆ ನೆಟ್ಟಗೆ ಬರುವುದಿಲ್ಲ. "ಕಾಕಾ, ಸೀಟಿನ ಮೂತಿ ಕೆಳಗ ಬಾಗೈತಿ. ಭಾರ ಎಲ್ಲಾ ಕೈಮ್ಯಾಲೆ ಬೀಳಾಕತ್ತೈತಿ" ಅಂದ ಒಬ್ಬ ಹುಡುಗ. ತಾನೇ ಪಾನಾ ತೆಗೆದು ಸಮ ಮಾಡಿಕೊಟ್ಟ. ಜೋಮು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಹಾಗಾಗಿ ಭಾನುವಾರ ಪೆನ್ಸಿಲ್ ಮುಟ್ಟುವುದಿಲ್ಲ. ಚಿತ್ರ ಏನಿದ್ದರೂ ವಾರದ ದಿನ, ಅಂಗಡಿ ಮುಚ್ಚಿದ ಮೇಲೆ. ಒಂದು ಕಿಟಕಿ ಅರ್ಧಕ್ಕೆ ನಿಂತಿದೆ. ಮದುವೆ ಸೀಸನ್ ಮುಗಿಯುವವರೆಗೆ ಅದು ಮುಂದೆ ಹೋಗುವ ಲಕ್ಷಣ ಇಲ್ಲ.