ಕ್ರಾಪು ಕಲಿಸಿದ ಇಂಗ್ಲಿಷ್ ಮೇಷ್ಟ್ರು

ಮಂಡ್ಯದ ನಮ್ಮ ಹೈಸ್ಕೂಲಿನಲ್ಲಿ ಮುಕ್ಕಾಲು ಪಾಲು ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ಮಕ್ಕಳೇ. ಭತ್ತ, ಕಬ್ಬು, ನಾಲೆಗೆ ನೀರು ಬಿಟ್ಟರಾ ಇಲ್ವಾ, ಇದೇ ಮಾತು. ಇಂಗ್ಲಿಷ್ ಪೀರಿಯಡ್ ಬಂತೆಂದರೆ ಮಾತ್ರ ಎಲ್ಲರ ಬಾಯಿಗೂ ಬೀಗ. ಅದನ್ನು ನೋಡಿ ನೋಡಿ ಸಾಕಾಗಿರಬೇಕು, ನಮ್ಮ ಮೇಷ್ಟ್ರು ಒಂದು ದಿನ ಪುಸ್ತಕ ಮುಚ್ಚಿಟ್ಟು, ಬೋರ್ಡಿನ ಮೇಲೆ ‘ಕ್ರಾಪ್’ ಅಂತ ಬರೆದು, ಇದಕ್ಕೆ ಅರ್ಥ ಹೇಳ್ರೋ ಅಂದರು. ಅರ್ಧ ಕ್ಲಾಸು ‘ಬೆಳೆ’ ಅಂತ ಕೂಗಿತು, ಇನ್ನರ್ಧ ‘ತಲೆಕೂದಲು ಸಾ’ ಅಂದಿತು.

ಎರಡೂ ಸರಿಯೇ ಅಂತೆ. ಹಳೆಯ ಇಂಗ್ಲಿಷಿನಲ್ಲಿ ಗಿಡದ ತುದಿ, ತೆನೆಗೆ ಆ ಹೆಸರಿತ್ತು, ಹಕ್ಕಿಯ ಕತ್ತಿನ ಬುಡದಲ್ಲಿ ಕಾಳು ತುಂಬಿಕೊಳ್ಳುವ ಚೀಲಕ್ಕೂ ಅದೇ. ಕೊಯ್ದ ಫಸಲು, ತುದಿ ಕತ್ತರಿಸೋದು, ಕೂದಲು ಗಿಡ್ಡ ಮಾಡೋದು ಎಲ್ಲ ಆಮೇಲೆ ಬಂದವು. ಚೀಲದ ಮಾತು ಬಂದಾಗ ನಾವು ನೆಟ್ಟಗೆ ಕೂತೆವು. ಕೋಳಿ ಕೊಯ್ದಾಗ ಆ ಚೀಲದೊಳಗೆ ಇನ್ನೂ ಅರಗದ ರಾಗಿ ಕಾಳು ಕಾಳಾಗಿ ಇರೋದನ್ನು ಯಾರು ನೋಡಿಲ್ಲ ಹೇಳಿ? ಪಾರಿವಾಳದಲ್ಲಿ ಗಂಡೂ ಹೆಣ್ಣೂ ಎರಡೂ ಆ ಚೀಲದಲ್ಲಿ ಹಾಲಿನಂಥದ್ದು ಮಾಡಿ ಮರಿಗೆ ಉಣಿಸುತ್ತವೆ ಅಂದಾಗ ಮಾತ್ರ ಮೇಷ್ಟ್ರು ಸುಮ್ನೆ ರೈಲು ಬಿಡ್ತಿದ್ದಾರೆ ಅಂದುಕೊಂಡೆವು. ಅದು ನಿಜವೇ.

ರೇಸಿನ ಜಾಕಿ ಹಿಡಿಯುವ ಗಿಡ್ಡ ಚಾಟಿಯೂ ಕ್ರಾಪೇ. ಫೋಟೊ ಕ್ರಾಪು, ಹುಡುಗಿಯರ ಕ್ರಾಪ್ ಟಾಪು ಇನ್ನೂ ನಮ್ಮ ಕಡೆ ಬಂದಿರಲಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ನಮ್ಮವರು ಆ ಪದಕ್ಕೆ ಮಾಡಿದ ಗತಿ. ಹಿಂದೆ ಮುಂದಲೆ ಬೋಳಿಸಿ ಜುಟ್ಟು ಬಿಡುತ್ತಿದ್ದ ಕಾಲದಲ್ಲಿ, ಜುಟ್ಟು ತೆಗೆಸಿ ತಲೆತುಂಬ ಕೂದಲು ಬೆಳೆಸಿದವನು ‘ಕ್ರಾಪು ಬಿಟ್ಟ’. ಇಂಗ್ಲಿಷಿನವರು ಕತ್ತರಿಸಿದ್ದನ್ನ ನಾವು ಬಿಟ್ಟೆವು, ಅಲ್ವಾ! ಇದನ್ನು ಹೇಳಿ ಮೇಷ್ಟ್ರು ತಮ್ಮ ಬೋಳುತಲೆ ಸವರಿಕೊಂಡರು, ಕ್ಲಾಸಿಗೆ ಕ್ಲಾಸೇ ನಕ್ಕಿತು, ಅವತ್ತಿನಿಂದ ಇಂಗ್ಲಿಷ್ ಪೀರಿಯಡ್ಡಿನಲ್ಲಿ ನಾವೂ ಬಾಯಿ ಬಿಡುವುದು ಶುರುವಾಯಿತು.

ಈಗ ನಾನು ಕೃಷಿ ಇಲಾಖೆಯಲ್ಲಿದ್ದೀನಿ, ಆ ಪದವೇ ಅನ್ನ ಹಾಕುತ್ತಿದೆ. ಸುಗ್ಗಿ ಬಂದರೆ ‘ಕ್ರಾಪ್ ಕಟಿಂಗ್’ ಕೆಲಸ. ಕ್ಷೌರದಂಗಡಿಯದಲ್ಲ, ಇಳುವರಿ ಲೆಕ್ಕ ಹಾಕುವ ಪ್ರಯೋಗ. ಭತ್ತದ ಗದ್ದೆಯಲ್ಲಿ 5 ಮೀಟರ್ ಉದ್ದ, 5 ಮೀಟರ್ ಅಗಲಕ್ಕೆ ಹಗ್ಗ ಕಟ್ಟಿ, ಅದರೊಳಗಿನದನ್ನಷ್ಟೇ ಕೊಯ್ದು, ಬಡಿದು, ತೂಗಬೇಕು. 2016ರಲ್ಲಿ ಬಂದ ಫಸಲ್ ಬಿಮಾ ಅನ್ನೋ ಬೆಳೆವಿಮೆ ಯೋಜನೆಯ ಪರಿಹಾರದ ಲೆಕ್ಕಕ್ಕೆ ಆ ತೂಕವೂ ಬೇಕು, ಇಳುವರಿ ಕಮ್ಮಿಯಾದರೆ ಪರಿಹಾರ. ಎಲ್ಲಿ ಹಗ್ಗ ಕಟ್ಟಬೇಕು ಅನ್ನೋದು ನಮ್ಮ ಇಷ್ಟವಲ್ಲ, ಲಾಟರಿ ಎತ್ತಿದ ಹಾಗೆ ಬಂದ ನಂಬರಿನ ಪ್ರಕಾರ. ರೈತರು ಮಾತ್ರ, ‘ಸಾ, ಆ ಮೂಲೇಲಿ ಪೈರು ಸೊರಗೈತೆ, ಅಲ್ ಕಟ್ಟಿ’ ಅಂತಾರೆ. ನಂಬರ್ ಎಲ್ಲಿ ಹೇಳ್ತದೋ ಅಲ್ಲೇ ಕೊಯ್ಯಬೇಕಪ್ಪಾ ಅಂದರೆ, ‘ಹಂಗಾರೆ ಆ ನಂಬರ್‌ನೇ ಬಂದು ಕೊಯ್ಯಕ್ಕೆ ಹೇಳಿ’ ಅಂತ ಬೈದುಕೊಂಡೇ ಕುಡ್ಲು ಎತ್ತಿಕೊಳ್ಳುತ್ತಾರೆ.