ಟ್ರೆಡಲ್ ಮಶೀನಿನ ಪಕ್ಕ ಏನಿಡಬೇಕು?

ಮುದ್ರಣದ ಸಂಗ್ರಹಾಲಯ ಅಂದ ಕೂಡಲೇ ಜನ ಮಶೀನು ಎಣಿಸುತ್ತಾರೆ. ಎಷ್ಟು ಟ್ರೆಡಲ್ (ಕಾಲಿನಿಂದ ತುಳಿದು ಓಡಿಸುವ ಅಚ್ಚಿನ ಮಶೀನು), ಎಷ್ಟು ಹಳೇವು, ಯಾವ ದೇಶದ್ದು. ವಿಜಯಪುರದಲ್ಲಿ ಅಂಥದೊಂದು ಸಣ್ಣ ಸಂಗ್ರಹ ನೋಡಿಕೊಳ್ಳುವ ಕೆಲಸ ನನ್ನದು. ಮಶೀನಿನ ಮುಂದೆ ನಿಂತು ಯಾರು ಏನು ಅಚ್ಚು ಹಾಕಿದರು, ಹೇಗೆ ಹಾಕಿದರು ಅನ್ನೋದು ಗೊತ್ತಾಗದೇ ಹೋದರೆ ನಾವು ಕಾಯ್ದಿಟ್ಟಿರೋದು ಬರೀ ಕಬ್ಬಿಣ ಅಂತ ಈ ಕೆಲಸ ಮಾಡ್ತಾ ಮಾಡ್ತಾ ನನಗೆ ಗಟ್ಟಿಯಾಗಿದೆ.

ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಗೋಳಗುಮ್ಮಟ ನೋಡಿಕೊಂಡು ಬಂದಿರುತ್ತಾರೆ. ಅಲ್ಲಿ ನಗಾರಖಾನೆಯ ಮ್ಯೂಸಿಯಮ್ಮಿನಲ್ಲಿ ಏನನ್ನೂ ಮುಟ್ಟುವ ಹಾಗಿಲ್ಲ, ಇರಲೂಬಾರದು. ಅದೇ ರೂಢಿಯಲ್ಲಿ ನಮ್ಮಲ್ಲೂ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ. ಆಗ ನಾನು ನಮ್ಮ ಕಾಕಾನನ್ನು ಕರೆಯುತ್ತೇನೆ. ಊರಿನ ಪ್ರೆಸ್ಸುಗಳಲ್ಲಿ ಕಂಪೋಜಿಟರ್ ಆಗಿ ವಯಸ್ಸು ಕಳೆದವರು. ಈಗ ವಾರದಲ್ಲಿ ಕೆಲ ದಿನ ನಮ್ಮಲ್ಲಿಗೆ ಬಂದು ಮೊಳೆ, ಅಂದರೆ ಅಚ್ಚಿನ ಲೋಹದ ಅಕ್ಷರ, ಜೋಡಿಸಿ ತೋರಿಸುತ್ತಾರೆ.

ಎಡಗೈಯಲ್ಲಿ ಸ್ಟಿಕ್ಕು (ಮೊಳೆಗಳನ್ನು ಸಾಲಾಗಿ ಜೋಡಿಸುವ ಸಣ್ಣ ತಟ್ಟೆ), ಹೆಬ್ಬೆರಳು ಕೊನೆಯ ಮೊಳೆಯ ಮೇಲೆ. ಬಲಗೈ ಕೇಸಿನ, ಅಂದರೆ ಮೊಳೆ ವಿಂಗಡಿಸಿಟ್ಟ ಕಟ್ಟಿಗೆ ತಟ್ಟೆಯ, ಮನೆಯಿಂದ ಮನೆಗೆ ಹೋಗುತ್ತಿರುತ್ತದೆ, ಕಣ್ಣು ಮಾತ್ರ ಅಚ್ಚಿಗೆ ಕೊಟ್ಟ ಕಾಪಿಯ ಮೇಲೆ. ಒಮ್ಮೆ ಕಾಲೇಜು ಹುಡುಗಿಯೊಬ್ಬಳು, ಅಕ್ಷರ ನೋಡದೇ ಅದು ನೆಟ್ಟಗಿದೆಯೋ ತಲೆಕೆಳಗಾಗಿದೆಯೋ ಹೇಗೆ ತಿಳಿಯುತ್ತೆ ಅಂತ ಕೇಳಿದಳು. ಕಾಕಾ ಒಂದು ಮೊಳೆ ಅವಳ ಅಂಗೈಯಲ್ಲಿಟ್ಟರು. "ಕಣ್ ಮುಚ್ಚವಾ ತಂಗಿ. ಬೆರಳಾಡ್ಸು. ಒಂದ್ ಕಡಿ ಕಚ್ಚು ಹತ್ತತೈತಿ ನೋಡು." ಪ್ರತಿ ಮೊಳೆಯ ಮೈಮೇಲೂ ಆ ಕಚ್ಚು ಇರುತ್ತದೆ. ಅದು ಹೆಬ್ಬೆರಳಿಗೆ ಒಂದೇ ಸಾಲಿನಲ್ಲಿ ಸಿಕ್ಕಿತು ಅಂದರೆ ಅಕ್ಷರಗಳೆಲ್ಲ ಸರಿಯಾಗಿ ನಿಂತಿವೆ ಅಂತ ಅರ್ಥ. ಇಂಗ್ಲಿಷಿಗೆ ಮೇಲಿನದೊಂದು ಕೆಳಗಿನದೊಂದು ಎರಡು ಕೇಸು ಸಾಕು. ನಮ್ಮ ಗುಣಿತಾಕ್ಷರ, ಒತ್ತಕ್ಷರಗಳಿಗೆ ಅಷ್ಟರಲ್ಲಿ ಎಲ್ಲಿ ಜಾಗ? ಯಾವ ಮನೆಯಲ್ಲಿ ಯಾವ ಒತ್ತು ಅನ್ನೋ ಲೆಕ್ಕ ಕಾಕಾನ ತೋಳಿನಲ್ಲಿದೆ. ಗಾಜಿನ ಪೆಟ್ಟಿಗೆಯಲ್ಲಿ ಅದನ್ನು ಇಡೋದಕ್ಕಾಗಲ್ಲ. ಹಾಗಾಗಿ ಅವರ ಕೈಯ ವಿಡಿಯೋ ಮಾಡಿಸಿದ್ದೇವೆ, ಕೇಸಿನ ನಕ್ಷೆ ಬರೆಸಿಟ್ಟಿದ್ದೇವೆ. ನನ್ನ ಪ್ರಕಾರ ನಮ್ಮ ಸಂಗ್ರಹದಲ್ಲಿ ಅತಿ ಬೆಲೆಬಾಳುವ ವಸ್ತು ಆ ನಕ್ಷೆಯೇ. ಜನ ಅದರ ಮುಂದೆ ಒಂದು ಕ್ಷಣವೂ ನಿಲ್ಲೋದಿಲ್ಲ, ಅದು ಬೇರೆ ಮಾತು.

ಮುಟ್ಟಲು ಬಿಟ್ಟರೆ ಮೊಳೆ ಸವೆಯುತ್ತದೆ, ನಿಜ. ಅದಕ್ಕೇ ಎರಡು ಪಾಲು ಮಾಡಿದ್ದೇವೆ. ಬಹಳ ಪ್ರೆಸ್ಸುಗಳಲ್ಲಿ ಬಳಕೆಯಲ್ಲಿದ್ದು ಈಗಲೂ ಸಿಗುವ ಮೊಳೆ ಜನರ ಕೈಗೆ, ಮತ್ತೆ ಸಿಗದಂಥದ್ದು ಬೀಗದೊಳಗೆ. ಮೊಳೆ ಅಂದರೆ ಮುಖ್ಯವಾಗಿ ಸೀಸ, ಜೊತೆಗೆ ಆ್ಯಂಟಿಮನಿ, ತವರ. ಆದ್ದರಿಂದ ಮೊಳೆ ಹಿಡಿದ ಮಕ್ಕಳು ಸಾಬೂನು ಹಚ್ಚಿ ಕೈ ತೊಳೆಯದೇ ಚುರುಮುರಿ ಪೊಟ್ಟಣ ಬಿಚ್ಚುವ ಹಾಗಿಲ್ಲ, ಮೇಷ್ಟ್ರು ಎಷ್ಟೇ ಗಡಿಬಿಡಿ ಮಾಡಲಿ. ಬಹಳ ವರ್ಷ ಮುಚ್ಚಿಟ್ಟ ಕಟ್ಟಿಗೆ ಕೇಸಿನಲ್ಲಿ ಮೊಳೆಯ ಮೇಲೆ ಬಿಳಿ ಪುಡಿ ಕಟ್ಟಿರುತ್ತದೆ. ತೇವ ಮತ್ತು ಕಟ್ಟಿಗೆಯಿಂದ ಬರುವ ಆಮ್ಲದ ಆವಿಗೆ ಸೀಸ ಹಾಗಾಗುತ್ತದೆ. ಅದನ್ನು ಬಾಯಿಂದ ಊದಬಾರದು, ಒಣ ಬ್ರಶ್ಶಿನಿಂದ ಝಾಡಿಸಬಾರದು. ಹೊಸದಾಗಿ ಕೆಲಸಕ್ಕೆ ಬಂದವರಿಗೆ ನಾನು ಮೊದಲು ಹೇಳೋದು ಇದನ್ನೇ, ಇತಿಹಾಸ ಆಮೇಲೆ.

ಮುಚ್ಚಿದ ಪ್ರೆಸ್ಸೊಂದರಿಂದ ನಮಗೆ ಸಾಮಾನು ಬಂದಾಗ ಅದರಲ್ಲಿ ಮೊಳೆ ಜೋಡಿಸಿ ದಾರ ಸುತ್ತಿ ಕಟ್ಟಿದ ಒಂದು ಪೇಜು ಇತ್ತು. ಲಗ್ನಪತ್ರಿಕೆ. ಕುಲದೇವರ ಹೆಸರು, ಬಳ್ಳಿಯ ಬಾರ್ಡರು, ಬಂಧುಬಳಗದ ಸಾಲು ಎಲ್ಲ ಹಾಗೇ ಇದ್ದವು. ವಧು-ವರರ ಹೆಸರು, ಮುಹೂರ್ತದ ಜಾಗದಲ್ಲಿ ಮಾತ್ರ ಖಾಲಿ ಸೀಸದ ತುಂಡು. ಮದುವೆ ಸೀಜನ್ನಿನಲ್ಲಿ ಒಂದೇ ಪೇಜು ನಿಲ್ಲಿಸಿಟ್ಟುಕೊಂಡು ಹೆಸರು ಬದಲಿಸಿ ಬದಲಿಸಿ ಹೊಡೆಯುತ್ತಿದ್ದರಂತೆ. ಬಿಚ್ಚಿ ಮೊಳೆಗಳನ್ನು ಕೇಸಿಗೆ ಹಂಚಿದರೆ ಪ್ರಾತ್ಯಕ್ಷಿಕೆಗೆ ಒಳ್ಳೆ ಅಕ್ಷರ ಸಿಗುತ್ತವೆ ಅಂತ ನಮ್ಮವರೇ ಒಬ್ಬರು ಅಂದರು. ಕಾಕಾ ಒಪ್ಪಲಿಲ್ಲ. "ಬಿಚ್ಚಬ್ಯಾಡ್ರಿ ಬಾಯಾರ. ಬಿಚ್ಚಿದ್ರ ಅದು ಮೊಳಿ ಅಷ್ಟ ಆಕ್ಕೈತಿ." ನಾನೂ ಅದೇ ಪಕ್ಷ. ದಾರದ ಗಂಟು ಸಮೇತ ಅದು ಈಗ ಟ್ರೆಡಲ್ಲಿನ ಪಕ್ಕ ಇದೆ.

ಇನ್ನೊಂದು ವಿಷಯ ದಿನಾ ಎದುರಾಗುವಂಥದ್ದು. "ಇದು ಹಳಕಟ್ಟಿಯವರ ಮಶೀನಾ?" ವಿಜಯಪುರದಲ್ಲಿ ಈ ಪ್ರಶ್ನೆ ಬರದೇ ಇರುತ್ತಾ? ವಚನಗಳ ತಾಳೆಗರಿಗಳನ್ನು ಮನೆಮನೆಯಿಂದ ಕೂಡಿಸಿದ ವಕೀಲರು ಫ. ಗು. ಹಳಕಟ್ಟಿ. ವಚನಶಾಸ್ತ್ರಸಾರದ ಮೊದಲ ಭಾಗವನ್ನು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚು ಹಾಕಿಸಬೇಕಾಯಿತು. ಆಮೇಲೆ ಸ್ವಂತ ಮನೆ ಮಾರಿ 1925ರಲ್ಲಿ ಇಲ್ಲೇ ಹಿತಚಿಂತಕ ಮುದ್ರಣಾಲಯ ತೆರೆದರು. 1926ರಲ್ಲಿ ಶಿವಾನುಭವ ಪತ್ರಿಕೆ ಶುರುವಾಯಿತು. ನಮ್ಮ ಟ್ರೆಡಲ್ಲಿಗೂ ಅವರಿಗೂ ಸಂಬಂಧವಿಲ್ಲ. ಇಲ್ಲ ಅಂತಲೇ ಹೇಳುತ್ತೇವೆ. "ಹಳಕಟ್ಟಿಯವರದು ಅಂತ ಬರ್ದ್ ಹಾಕ್ರಲ್ಲ, ಯಾರ ಕೇಳ್ತಾರ?" ಅಂತ ಹಿತೈಷಿಗಳೇ ಸಲಹೆ ಕೊಟ್ಟದ್ದುಂಟು. ಸಾಮಾನು ದಾನ ಕೊಡುವವರಿಗೂ ಫಲಕದ ಮೇಲೆ "ಜಿಲ್ಲೆಯ ಮೊದಲ" ಅನ್ನೋ ಮಾತು ಬೇಕು. ದಾಖಲೆ ಕೊಡಿ, ಹಾಕುತ್ತೇವೆ ಅನ್ನುತ್ತೇನೆ. ಕೆಲವರು ಮುನಿಸಿಕೊಂಡು ಹೋಗಿದ್ದಾರೆ. ಹೋಗಲಿ. ಒಂದು ಫಲಕ ಸುಳ್ಳಾದರೆ ಪಕ್ಕದ ಹತ್ತನ್ನೂ ಯಾರೂ ನಂಬೋದಿಲ್ಲ.

ದಾಖಲೆ ಹುಡುಕಲು ನಮಗೆ ದೊಡ್ಡ ಆಸರೆ ಕಾಗದದ ಬುಡದಲ್ಲಿರುವ ಸಣ್ಣಕ್ಷರದ ಸಾಲು. 1867ರ ಪ್ರೆಸ್ ಮತ್ತು ಪುಸ್ತಕ ನೋಂದಣಿ ಕಾಯ್ದೆಯ ಪ್ರಕಾರ ಅಚ್ಚಾದ ಪುಸ್ತಕ, ಪತ್ರಿಕೆಯ ಮೇಲೆ ಮುದ್ರಕರ ಹೆಸರು, ಮುದ್ರಣದ ಸ್ಥಳ ಹಾಕಲೇಬೇಕಿತ್ತು. ಸರಕಾರಕ್ಕೆ ಬೇಕಿದ್ದದ್ದು ಕಣ್ಣಿಡೋದಕ್ಕೆ, ಆದರೆ ಈಗ ಅದೇ ಸಾಲು ಹಿಡಿದು ಯಾವ ಗಲ್ಲಿಯಲ್ಲಿ ಯಾವ ಪ್ರೆಸ್ ಇತ್ತು ಅಂತ ನಾವು ಪಟ್ಟಿ ಮಾಡುತ್ತಿದ್ದೇವೆ. ನಾಟಕ ಕಂಪನಿಯ ಕರಪತ್ರ, ಜಾತ್ರೆಯ ಆಮಂತ್ರಣ, ಅಡತಿ ಅಂಗಡಿಯ ಪಾವತಿ ಪುಸ್ತಕ ಇಂಥವುಗಳಲ್ಲೂ ಎಷ್ಟೋ ಸಲ ಆ ಸಾಲು ಸಿಗುತ್ತದೆ. ಒಳ್ಳೆ ಪುಸ್ತಕವಾದರೆ ಯಾವುದಾದರೂ ಲೈಬ್ರರಿಯಲ್ಲಿ ಉಳಿದಿರುತ್ತದೆ. ಪಾವತಿ ಪುಸ್ತಕವನ್ನು ಯಾರು ಇಡುತ್ತಾರೆ?

ಹಾಗಾಗಿ ಇದನ್ನು ಓದುತ್ತಿರುವವರಲ್ಲಿ ಒಂದು ವಿನಂತಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ತಾಳಿಕೋಟೆ, ಎಲ್ಲೇ ಆಗಲಿ, ಗೊತ್ತಿದ್ದವರ ಹಳೇ ಪ್ರೆಸ್ ಮುಚ್ಚುತ್ತಿದ್ದರೆ ಗುಜರಿಯವರು ಬರೋ ಮುಂಚೆ ಒಮ್ಮೆ ಒಳಗೆ ಹೋಗಿ ನೋಡಿ. ಮಶೀನು ತೂಕಕ್ಕೆ ಹೋದರೂ ಹೋಗಲಿ, ಅವರಿಗೂ ದುಡ್ಡು ಬೇಕು. ತಂತಿಗೆ ಚುಚ್ಚಿಟ್ಟ ಬಿಲ್ಲು, ಗೋಡೆಗೆ ಅಂಟಿಸಿದ ನಮೂನೆ ಕಾರ್ಡು, ಆರ್ಡರ್ ಬರೆದಿಡುತ್ತಿದ್ದ ವಹಿ, ಕಪಾಟಿನ ತಳದಲ್ಲಿ ಉಳಿದ ಪ್ರೂಫು ಇವಿಷ್ಟನ್ನು ಕೇಳಿ ಇಸಿದುಕೊಳ್ಳಿ. ಮಾಲೀಕರು ಒಪ್ಪಿದರೆ ಅಲ್ಲಿ ಕೆಲಸ ಮಾಡಿದವರ ಹೆಸರೂ ಬರೆದುಕೊಳ್ಳಿ. ಕೇಸಿನ ಮೇಲೆ ಸುಣ್ಣದಲ್ಲೋ ಪೆನ್ಸಿಲ್ಲಿನಲ್ಲೋ ಏನಾದರೂ ಬರೆದಿದ್ದರೆ ಒರೆಸುವ ಮುಂಚೆ ಫೋಟೋ ತೆಗೆಯಿರಿ.