ಲೂಪ್ ಓಡಿತು, ಒಂದೇ ಫೈಲಿನ ಡೇಟಾ ಉಳಿಯಿತು, ಯಾಕೆ?

ರಾಯಚೂರಿನಲ್ಲಿ ಶೆಲ್ ಸ್ಕ್ರಿಪ್ಟ್ (ಕಂಪ್ಯೂಟರಿಗೆ ಕೊಡುವ ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲ್) ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆ ಇದು: ‘ಮಾರುಕಟ್ಟೆ ದರದ ಮೂರು ಫೈಲ್ ಇವೆ. ರಾಯಚೂರು ಹತ್ತಿ, ಲಿಂಗಸುಗೂರು ತೊಗರಿ, ಸಿಂಧನೂರು ಭತ್ತ. ಒಂದೇ ಕೆಲಸವನ್ನು ಪ್ರತಿ ಫೈಲಿಗೂ ಮಾಡಿಸುವ ಫಾರ್ ಲೂಪಿನಲ್ಲಿ ಒಂದೊಂದನ್ನೇ ಸಾರ್ಟ್ ಮಾಡಿ (ಸಾಲುಗಳನ್ನು ಕ್ರಮಕ್ಕೆ ಜೋಡಿಸಿ) ಒಂದೇ ಫೈಲಿಗೆ ಕಳಿಸಿದೆ. ತೆರೆದರೆ ಸಿಂಧನೂರಿನ ಭತ್ತ ಮಾತ್ರ ಇದೆ. ಉಳಿದದ್ದು ಎಲ್ಲಿ ಹೋಯಿತು?’

ಲೂಪ್ ಮೂರು ಸುತ್ತೂ ಸರಿಯಾಗಿಯೇ ಓಡಿದೆ. ತಪ್ಪಿರುವುದು ಔಟ್‌ಪುಟನ್ನು ಫೈಲಿಗೆ ಕಳಿಸುವ ಬಾಣದ ಗುರುತು ಇಟ್ಟ ಜಾಗದಲ್ಲಿ. ಒಂಟಿ ಬಾಣ (>) ಕಂಡ ಕೂಡಲೇ ಶೆಲ್ ಆ ಫೈಲನ್ನು ಖಾಲಿ ಮಾಡಿ ತೆರೆಯುತ್ತದೆ. ಕಮಾಂಡ್ ಓಡುವುದು ಆಮೇಲೆ. ಬಾಣ ಲೂಪಿನ ಒಳಗಿದ್ದರೆ ಪ್ರತಿ ಸುತ್ತಿಗೂ ಹಿಂದಿನದು ಅಳಿಯುತ್ತದೆ, ಅಕ್ಷರ ಕ್ರಮದಲ್ಲಿ ಕೊನೆಗೆ ಬರುವ ಸಿಂಧನೂರು ಉಳಿಯುತ್ತದೆ. ಜೋಡಿ ಬಾಣ (>>) ಹಾಕಿದರೆ ಎಲ್ಲ ಸೇರುತ್ತದೆ ನಿಜ, ಆದರೆ ಸ್ಕ್ರಿಪ್ಟನ್ನು ಇನ್ನೊಮ್ಮೆ ಓಡಿಸಿದರೆ ಪ್ರತಿ ಸಾಲೂ ಎರಡೆರಡು ಸಲ. ಒಂಟಿ ಬಾಣವನ್ನೇ ಲೂಪನ್ನು ಮುಗಿಸುವ ‘ಡನ್’ ಪದದ ನಂತರ ಇಡಿ. ಆಗ ಫೈಲ್ ಒಮ್ಮೆ ಮಾತ್ರ ತೆರೆಯುತ್ತದೆ. ಆ ಔಟ್‌ಪುಟ್ ಬೇರೆ ಫೋಲ್ಡರಿನಲ್ಲಿರಲಿ, ಇಲ್ಲವಾದರೆ ಮುಂದಿನ ಸಲ ಫೈಲ್ ಹೆಸರುಗಳನ್ನು ತಾನೇ ಹುಡುಕಿ ಲೂಪಿಗೆ ಕೊಡುವ ನಕ್ಷತ್ರ ಚಿಹ್ನೆ (*) ಅದನ್ನೂ ಇನ್‌ಪುಟ್ ಎಂದು ಎತ್ತಿಕೊಳ್ಳುತ್ತದೆ. ಓದುವ ಫೈಲಿಗೇ ಬಾಣ ತಿರುಗಿಸಿದರಂತೂ ಡೇಟಾ ಹೋದಂತೆಯೇ: ಸಾರ್ಟ್ ಓದಲು ಕೈಹಾಕುವಷ್ಟರಲ್ಲಿ ಅಲ್ಲಿರುವುದು ಸೊನ್ನೆ ಬೈಟ್. ಅದೇ ಫೈಲಿಗೆ ಬರೆಯಲೇಬೇಕಿದ್ದರೆ ಸಾರ್ಟಿನ ಹೈಫನ್ ‘ಓ’ ಆಯ್ಕೆ ಬಳಸಿ.

ಇನ್ನು ಹೆಸರಿನ ನಡುವಿನ ಖಾಲಿ ಜಾಗ. ಪ್ರತಿ ಸುತ್ತಿನಲ್ಲಿ ಫೈಲಿನ ಹೆಸರು ಹಿಡಿದಿಡುವ ವೇರಿಯಬಲ್ ಸುತ್ತ ಡಬಲ್ ಕೋಟ್ ಇಲ್ಲದಿದ್ದರೆ ‘ಸಿಂಧನೂರು ಭತ್ತ’ ಎರಡು ಪದವಾಗಿ ಒಡೆಯುತ್ತದೆ, ‘ಸಿಂಧನೂರು’ ಎಂಬ ಫೈಲೇ ಇಲ್ಲ ಎಂಬ ದೂರು ಬರುತ್ತದೆ. ಫೈಲ್ ಹೆಸರು ತೋರಿಸುವ ‘ಎಲ್‌ಎಸ್’ ಕಮಾಂಡ್ ಕೊಟ್ಟ ಪಟ್ಟಿಯನ್ನು ಲೂಪಿಗೆ ಉಣಿಸುವುದು ಇದಕ್ಕಿಂತ ಕೆಟ್ಟ ಅಭ್ಯಾಸ. ಅಲ್ಲಿ ಹೆಸರು ಮೊದಲೇ ಒಡೆದಿರುತ್ತದೆ, ಒಳಗೆ ಎಷ್ಟು ಕೋಟ್ ಹಾಕಿದರೂ ಕೂಡುವುದಿಲ್ಲ. ನಕ್ಷತ್ರ ಚಿಹ್ನೆಯನ್ನೇ ನೇರ ಕೊಡಿ.

ಪತ್ತೆ ಹಚ್ಚಲು, ನಿಜವಾದ ಕಮಾಂಡ್ ತೆಗೆದು ಆ ಜಾಗದಲ್ಲಿ ಕೊಟ್ಟದ್ದನ್ನು ತೆರೆಯ ಮೇಲೆ ತೋರಿಸುವ ಎಕೋ ಹಾಕಿ, ವೇರಿಯಬಲನ್ನು ಚೌಕ ಆವರಣದೊಳಗೆ ಮುದ್ರಿಸಿ. ‘ಸಿಂಧನೂರು’ ಒಂದು ಆವರಣದಲ್ಲಿ, ‘ಭತ್ತ’ ಕೆಳಗಿನ ಸಾಲಿನ ಇನ್ನೊಂದರಲ್ಲಿ ಬಂದರೆ ಕಾರಣ ಕಣ್ಣೆದುರಿಗೇ ಇದೆ. ಫೈಲನ್ನು ಸಾಲು ಸಾಲಾಗಿ ಓದುವ ವೈಲ್ ರೀಡ್ ಲೂಪಿನಲ್ಲಿ ಮುಚ್ಚುವ ಆವರಣ ಸಾಲಿನ ಆರಂಭಕ್ಕೆ ಜಿಗಿದು ತೆರೆಯುವ ಆವರಣದ ಮೇಲೆ ಕೂತಿದ್ದರೆ, ಅದು ವಿಂಡೋಸಿನಲ್ಲಿ ಉಳಿಸಿದ ಫೈಲ್. ಸಾಲಿನ ತುದಿಯಲ್ಲಿ ಕಾಣದ ಕ್ಯಾರೇಜ್ ರಿಟರ್ನ್ (ಸಾಲಿನ ಆರಂಭಕ್ಕೆ ಮರಳಿಸುವ ಗುರುತು) ಅಂಟಿಕೊಂಡಿದೆ. ಅದನ್ನು ತೆಗೆಯುವ ‘ಡಾಸ್‌ಟುಯುನಿಕ್ಸ್’ ಕಮಾಂಡ್ ಓಡಿಸಿದರೆ ಸಾಕು.

ಎಲ್ಲ ಸರಿಯಿದ್ದೂ ಪದ ಹುಡುಕುವ ಕಮಾಂಡ್ ಗ್ರೆಪ್ ‘ಭತ್ತ’ ಪದವನ್ನು ಹುಡುಕಲಾರದೆ ಹೋದರೆ, ಎರರ್ ಕೂಡ ಬರದಿದ್ದರೆ, ಆ ಫೈಲ್ ಹಳೆಯ ನುಡಿ ಫಾಂಟಿನಲ್ಲಿ ಟೈಪಾಗಿದೆಯೇ ನೋಡಿ. ಆ ಫಾಂಟ್ ಇದ್ದಾಗಷ್ಟೇ ಅದು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳು. ಮೊದಲು ಯುನಿಕೋಡಿಗೆ (ಕನ್ನಡ ಅಕ್ಷರಗಳಿಗೇ ಸಂಕೇತವಿರುವ ವ್ಯವಸ್ಥೆ) ಬದಲಿಸಿ, ಆಮೇಲೆ ಲೂಪ್ ಓಡಿಸಿ.